ವೈರಿಗಳು ಕೂಡಿ ವಿಮಾನವಾಹಕ ನೌಕೆ ಕಟ್ಟಬೇಕೇ? ಗಡಿಸೀಮೆಯಿಂದ ಒಂದು ಉತ್ತರ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನಾನು ಆಡಿದ ಮಾತಿನ ಬರಹರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕಡಿತ ಮಾಡಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಪ್ರಶ್ನೋತ್ತರವಿದೆ.)

ನನ್ನ ಧ್ವನಿ ಸರಿಯಾಗಿ ಕೇಳಸ್ತದಲ್ರಿ? ಇಲ್ಲಿ ಗಡಹಿಂಗ್ಲಜದಾಗ ಬೆಳಗಿನಿಂದ ಮಳೆ ಹಿಡಿದದ. ನಡುವೆ ಧ್ವನಿ ಕಡಿದರೆ ಚಾಟ್‌ನಾಗ ಬರೀರಿ, ಮತ್ತೊಮ್ಮೆ ಹೇಳ್ತೀನಿ.

ಕಳೆದ ಗೋಷ್ಠಿಯಲ್ಲಿ ಕೊಲ್ಹಾಪುರದ ಸಹಪಾಠಿಯೊಬ್ಬರು ಒಂದು ಪ್ರಶ್ನೆ ಎತ್ತಿದ್ದರು. "ಒಂದು ವಿಮಾನವಾಹಕ ನೌಕೆಗೆ ಸುಮಾರು 20,000 ಕೋಟಿ ರೂಪಾಯಿ ಬೀಳ್ತದ. ಒಬ್ಬರಿಗೊಬ್ಬರು ಹೆದರಿ ಎರಡು ದೇಶದವರೂ ಬೇರೆ ಬೇರೆ ಕಟ್ಟೂದಕ್ಕಿಂತ, ಇಬ್ಬರೂ ಕೂಡಿ ಯಾಕ ಕಟ್ಟಬಾರದು? ಖರ್ಚೂ ಅರ್ಧ, ಹೆದರಿಕೀನೂ ಅರ್ಧ." ಅವತ್ತು ಹಲವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಕ್ಕದ್ದು ತಪ್ಪಾಯಿತು ಅನ್ನಿಸಿತು. ಯಾಕಂದ್ರ, ನಾವು ಬದುಕುವ ಈ ಸೀಮೆಯಲ್ಲೇ ಜಗಳಾಡುವ ಎರಡು ಸರಕಾರಗಳು ಕೂಡಿ ಕಟ್ಟಿದ ದೊಡ್ಡ ವಸ್ತು ಒಂದಿದೆ. ಕೊಲ್ಹಾಪುರ ಜಿಲ್ಲೆಯ ಕಾಳಮ್ಮವಾಡಿಯಲ್ಲಿರುವ ದೂಧಗಂಗಾ ಅಣೆಕಟ್ಟು ಮಹಾರಾಷ್ಟ್ರ ಮತ್ತು ಕರ್ನಾಟಕದ ಜಂಟಿ ಯೋಜನೆ. ಬೆಳಗಾವಿ ಯಾರದು ಅನ್ನುವ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಆದರೂ ಆ ಅಣೆಕಟ್ಟಿನ ನೀರಿನಲ್ಲಿ ಕರ್ನಾಟಕಕ್ಕೆ 4 ಟಿಎಂಸಿ ಪಾಲಿದೆ. ಹಾಗಾದರೆ ಅಣೆಕಟ್ಟಿಗೆ ಆದದ್ದು ಹಡಗಿಗೆ ಯಾಕೆ ಆಗಬಾರದು? ಪ್ರಶ್ನೆ ನಗುವಂಥದ್ದಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡ್ತೀನಿ. ಪರಸ್ಪರ ವೈರ ಇರುವ ದೇಶಗಳು ಕೂಡಿ ವಿಮಾನವಾಹಕ ನೌಕೆ ಕಟ್ಟಬಾರದು. ಕಟ್ಟಲು ಹೊರಟರೆ ಅದು ಶಾಂತಿಯ ಬದಲು ಹೊಸ ತಕರಾರು ಹುಟ್ಟಿಸುತ್ತದೆ. ಆದರೆ ಅವರು ಕೂಡಿ ಮಾಡಲೇಬೇಕಾದ ಬೇರೆ ಕೆಲಸ ಇದೆ. ಅದು ಹಡಗಿಗಿಂತ ಬಹಳ ಅಗ್ಗ, ಜೀವ ಉಳಿಸುವುದರಲ್ಲಿ ಹಡಗಿಗಿಂತ ಮೇಲು.

ಮೊದಲು, ಈ ಹಡಗು ಅಂದರೆ ಏನು?

ನಮ್ಮಲ್ಲಿ ಬಹಳಷ್ಟು ಜನ ಸಮುದ್ರದಿಂದ ದೂರ ಇದ್ದವರು. ಆದ್ದರಿಂದ ಎರಡು ಮಾತು. ವಿಮಾನವಾಹಕ ನೌಕೆ ಅಂದರೆ ತೇಲುವ ವಿಮಾನ ನಿಲ್ದಾಣ. ನಮ್ಮ ಐಎನ್ಎಸ್ ವಿಕ್ರಾಂತ್ 262 ಮೀಟರ್ ಉದ್ದ, ಸುಮಾರು 45,000 ಟನ್ ತೂಕ, ಸುಮಾರು 1,600 ಸಿಬ್ಬಂದಿ, 30ರ ಆಸುಪಾಸು ವಿಮಾನ ಮತ್ತು ಹೆಲಿಕಾಪ್ಟರ್. ಕೊಚ್ಚಿಯ ಶಿಪ್‌ಯಾರ್ಡಿನಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿಸಿದರು. ಡೆಕ್ಕಿನ ಮುಂದಿನ ತುದಿ ಮೇಲಕ್ಕೆ ಬಾಗಿದೆ; ವಿಮಾನ ಅಲ್ಲಿಂದ ಹಾರಿ ಮೇಲೇಳುತ್ತದೆ. ಇಳಿಯುವಾಗ ಡೆಕ್ಕಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ವಿಮಾನದ ಕೊಕ್ಕೆ ಸಿಕ್ಕಿ ನಿಲ್ಲುತ್ತದೆ.

ಈ ಹಡಗು ಒಂಟಿಯಾಗಿ ಹೋಗುವುದಿಲ್ಲ. ಸುತ್ತ ಕಾವಲು ಹಡಗುಗಳು, ಎಣ್ಣೆ ಕೊಡುವ ಹಡಗು, ಕೆಳಗೆ ಜಲಾಂತರ್ಗಾಮಿ. ಇಷ್ಟು ಕಾವಲು ಯಾಕೆ ಅಂದರೆ, ಅದು ಎಷ್ಟು ಬಲದ್ದೋ ಅಷ್ಟೇ ಸೂಕ್ಷ್ಮದ್ದು. ಅದರ ಬಲ ಕಣ್ಣಿಗೆ ಕಾಣುತ್ತದೆ. ಅದರ ದೌರ್ಬಲ್ಯ ಗುಟ್ಟು. ಪ್ರೊಪೆಲ್ಲರ್ ನೀರಿನಲ್ಲಿ ಯಾವ ಬಗೆಯ ಸದ್ದು ಮಾಡುತ್ತದೆ, ಒಂದು ತಾಸಿಗೆ ಎಷ್ಟು ವಿಮಾನ ಹಾರಿಸಬಲ್ಲದು, ಮದ್ದುಗುಂಡಿನ ಕೋಣೆ ಎಲ್ಲಿದೆ, ಯಾವ ಗೋಡೆ ಎಷ್ಟು ದಪ್ಪ: ಇವನ್ನು ಬಲ್ಲವನು ಆ ಹಡಗನ್ನು ಮುಳುಗಿಸಲೂ ಬಲ್ಲ. ಕೂಡಿ ಕಟ್ಟುವವರಿಗೆ ಇದೆಲ್ಲ ಗೊತ್ತಿರಲೇಬೇಕು. ಕಷ್ಟ ಶುರುವಾಗುವುದು ಇಲ್ಲಿಂದ.

1971ರಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಘಾಝಿ ಬಂಗಾಳ ಕೊಲ್ಲಿಗೆ ಬಂದದ್ದು ನಮ್ಮ ಹಳೆಯ ವಿಕ್ರಾಂತನ್ನು ಹುಡುಕಿಕೊಂಡು. ಅದು ವಿಶಾಖಪಟ್ಟಣದ ಹತ್ತಿರ ತಾನೇ ಮುಳುಗಿತು. ವಿಕ್ರಾಂತ್ ಎಲ್ಲಿದೆ ಅನ್ನುವುದೊಂದು ಗುಟ್ಟು ಉಳಿದದ್ದಕ್ಕೆ ಎಷ್ಟು ಬೆಲೆ ಇತ್ತು ಅಂತ ಈ ಒಂದು ಉದಾಹರಣೆಯಿಂದಲೇ ತಿಳೀತದ.

"ಜಂಟಿ" ಅನ್ನುವ ಮಾತಿನ ಗೊಂದಲ

ಯಾರಾದರೂ ಕೇಳಬಹುದು: ವಿಕ್ರಾಂತದಲ್ಲೇ ಹಲವು ದೇಶದ ಸಾಮಾನು ಇದೆಯಲ್ಲ? ಹೌದು, ಇದೆ. ಅದರ ನಾಲ್ಕು ಗ್ಯಾಸ್ ಟರ್ಬೈನುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ವಿನ್ಯಾಸದವು. ವಿಮಾನ ಹಾರಿಸಿ ಇಳಿಸುವ ವ್ಯವಸ್ಥೆಯಲ್ಲಿ ರಷ್ಯಾದ ಕೈ ಇದೆ, ಎಂಜಿನ್ ಜೋಡಣೆಯ ಸಲಹೆಯಲ್ಲಿ ಇಟಲಿಯ ಕೈ ಇದೆ. ಮೇಲೆ ಹಾರುವ ಮಿಗ್-29ಕೆ ರಷ್ಯಾದ್ದು. ಇನ್ನು ಬರಲಿರುವ 26 ರಫೇಲ್-ಎಂ ವಿಮಾನಗಳ ಒಪ್ಪಂದಕ್ಕೆ 2025ರ ಏಪ್ರಿಲಿನಲ್ಲಿ ಫ್ರಾನ್ಸ್ ಜೊತೆ ಸಹಿ ಆಗಿದೆ. ಹಡಗಿನ ಉಕ್ಕನ್ನು ಮಾತ್ರ, ಹೊರಗಿನಿಂದ ತರುವುದು ಕಷ್ಟವಾದಾಗ, ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಮತ್ತು ಸೈಲ್ ಸೇರಿ ಇಲ್ಲೇ ತಯಾರು ಮಾಡಿದವು.

ಆದರೆ ಇದು ಕೊಳ್ಳುವುದು, ಕೂಡಿ ಕಟ್ಟುವುದಲ್ಲ. ಸಾಮಾನು ನಾಲ್ಕು ಅಂಗಡಿಯದು, ಮನೆಯ ಕೀಲಿಕೈ ಒಬ್ಬರದೇ. ಇವತ್ತು ನಾನು ಮಾತಾಡುವುದು ಎರಡು ದೇಶ ಕೂಡಿ ವಿನ್ಯಾಸ ಮಾಡಿ, ಕೂಡಿ ದುಡ್ಡು ಹಾಕಿ, ಕೂಡಿ ಒಡೆಯರಾಗುವ ಹಡಗಿನ ಬಗ್ಗೆ. ಮತ್ತೆ ಆ ಎರಡು ದೇಶಗಳ ನಡುವೆ ವೈರವೂ ಇರಬೇಕು. ಅಂಥದ್ದಕ್ಕೆ ನಾನು ಮೂರು ಪರೀಕ್ಷೆ ಇಡ್ತೀನಿ. ಮೂರನ್ನೂ ನಮ್ಮ ಸೀಮೆಯಿಂದಲೇ ಕಲಿತೆ.

ಮೊದಲ ಪರೀಕ್ಷೆ: ಪಾಲು ಮಾಡಲು ಬರುತ್ತದೆಯೇ?

ಇಚಲಕರಂಜಿಯಲ್ಲಿ ನಮ್ಮ ಕಾಕಾ ಪವರ್‌ಲೂಮ್ ನಡೆಸ್ತಾರೆ. ಅವರಿಗೂ ಪಕ್ಕದ ಓಣಿಯ ಮಾಲಕರಿಗೂ ಒಂದೇ ವ್ಯಾಪಾರಿಯ ಗಿರಾಕಿತನಕ್ಕೆ ಪೈಪೋಟಿ. ಒಬ್ಬರ ದರ ಇನ್ನೊಬ್ಬರಿಗೆ ಹೇಳುವುದಿಲ್ಲ. ಆದರೂ ಇಬ್ಬರ ನೂಲೂ ಒಂದೇ ಸೈಜಿಂಗ್‌ಗೆ ಹೋಗ್ತದೆ. ಹಾಸಿನ ನೂಲಿಗೆ ಗಂಜಿ ಹಚ್ಚಿ, ಒಣಗಿಸಿ, ಬೀಮಿಗೆ ಸುತ್ತಿ ಕೊಡುವ ಕೆಲಸ ಅದು. ಪ್ರತಿಯೊಬ್ಬ ಮಗ್ಗದವನೂ ಸ್ವಂತ ಸೈಜಿಂಗ್ ಹಾಕಿಕೊಳ್ಳಲು ಆಗೂದಿಲ್ಲ. ಕೆಲಸ ಮುಗಿದ ಮೇಲೆ ಇವರ ಬೀಮ್ ಇವರ ಟೆಂಪೋದಲ್ಲಿ, ಅವರ ಬೀಮ್ ಅವರ ಟೆಂಪೋದಲ್ಲಿ. ಯಂತ್ರ ಒಂದೇ ಆದರೂ ಫಲ ಬೇರೆ ಬೇರೆ ಆಗಿ ಮನೆಗೆ ಹೋಗ್ತದೆ.

ದೂಧಗಂಗಾ ಕೂಡ ಹಾಗೇ. ಸುಮಾರು 25 ಟಿಎಂಸಿ ನೀರಿನ ಜಲಾಶಯ. ಇಷ್ಟು ನಿಮ್ಮದು, ಇಷ್ಟು ನಮ್ಮದು ಅಂತ ಅಳೆದು ಕಾಲುವೆಯಲ್ಲಿ ಬಿಡಬಹುದು. ಕಡಿಮೆ ಬಿಟ್ಟರೆ ಲೆಕ್ಕ ಕೇಳಬಹುದು.

ಹಡಗನ್ನು ಹೇಗೆ ಅಳೆದು ಕೊಡ್ತೀರಿ? ಮುಂದಿನ ಅರ್ಧ ನಿಮಗೆ, ಹಿಂದಿನ ಅರ್ಧ ನಮಗೆ ಅನ್ನಲು ಬರುವುದಿಲ್ಲ. ಆರು ತಿಂಗಳು ನಿಮಗೆ, ಆರು ತಿಂಗಳು ನಮಗೆ ಅಂದರೆ, ನಿಮ್ಮ ಪಾಳಿಯಲ್ಲಿ ಅದು ನನ್ನ ಮೇಲೇ ಬಂದರೆ?

ಒಂದೇ ಮನೆಯವರು ಕಟ್ಟಿದ ಹಡಗು ಪಾಲಾದಾಗ ಏನಾಗ್ತದೆ ಅನ್ನುವುದಕ್ಕೆ ಸೋವಿಯತ್ ಒಕ್ಕೂಟ ಸಾಕ್ಷಿ. ಅದರ ವಿಮಾನವಾಹಕ ನೌಕೆಗಳೆಲ್ಲ ಹುಟ್ಟಿದ್ದು ಇವತ್ತಿನ ಉಕ್ರೇನಿನ ಮಿಕೊಲಾಯಿವ್ ಶಿಪ್‌ಯಾರ್ಡಿನಲ್ಲಿ. 1991ರ ಡಿಸೆಂಬರಿನಲ್ಲಿ ಒಕ್ಕೂಟ ಒಡೆಯುವ ಹೊತ್ತಿಗೆ ಅಡ್ಮಿರಲ್ ಕುಜ್ನೆತ್ಸೊವ್ ನೌಕೆ ಕಪ್ಪು ಸಮುದ್ರ ಬಿಟ್ಟು ಉತ್ತರದ ರಷ್ಯಾದ ನೆಲೆಗೆ ಹೊರಟುಹೋಯಿತು. ಅದರ ತಂಗಿ ವಾರ್ಯಾಗ್ ಅರ್ಧಮರ್ಧ ಕಟ್ಟಿದ ಸ್ಥಿತಿಯಲ್ಲಿ ಉಕ್ರೇನಿನ ಪಾಲಿಗೆ ಉಳಿಯಿತು. ಮುಗಿಸಲು ಉಕ್ರೇನಿನ ಹತ್ತಿರ ದುಡ್ಡಿಲ್ಲ. 1998ರಲ್ಲಿ 2 ಕೋಟಿ ಡಾಲರಿಗೆ ಮಾರಿದರು. ಎಳೆದುಕೊಂಡು ಹೋದವರು ಚೀನಾದವರು; 2012ರಲ್ಲಿ ಅದೇ ಒಡಲು ಚೀನಾದ ಮೊದಲ ವಿಮಾನವಾಹಕ ನೌಕೆ ಲ್ಯಾವೋನಿಂಗ್ ಆಯಿತು. ಕಟ್ಟಿದ ಇಬ್ಬರಲ್ಲಿ ಒಬ್ಬರಿಗೂ ಅದು ದಕ್ಕಲಿಲ್ಲ.

ಎರಡನೆಯ ಪರೀಕ್ಷೆ: ಪ್ಯಾಟರ್ನ್ ಯಾರ ಹತ್ತಿರ?

ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾವ್ ಕಡೆಯ ಫೌಂಡ್ರಿಗಳನ್ನು ನೀವು ನೋಡಿರ್ತೀರಿ. ಒಂದೇ ಫೌಂಡ್ರಿ ಪರಸ್ಪರ ಪೈಪೋಟಿಯ ಎರಡು ಕಂಪನಿಗಳಿಗೆ ಎರಕ ಹೊಯ್ದು ಕೊಡಬಹುದು. ಸಾಮಾನ್ಯವಾಗಿ ಪ್ಯಾಟರ್ನ್ ಗಿರಾಕಿಯದು. ಫೌಂಡ್ರಿಯವರು ಮಣ್ಣು, ಭಟ್ಟಿ, ಕಬ್ಬಿಣ ತಮ್ಮದು ಹಾಕ್ತಾರೆ. ಗಿರಾಕಿ ಮುನಿದರೆ ಪ್ಯಾಟರ್ನ್ ಎತ್ತಿಕೊಂಡು ಬೇರೆ ಫೌಂಡ್ರಿಗೆ ಹೋಗ್ತಾನೆ. ಪ್ಯಾಟರ್ನ್ ಇದ್ದವನ ಮಾತೇ ಕೊನೆಯ ಮಾತು.

ಹಡಗಿನ ಪ್ಯಾಟರ್ನ್ ಅಂದರೆ ಅದರ ವಿನ್ಯಾಸ, ಬಿಡಿಭಾಗ, ಸಾಫ್ಟ್‌ವೇರ್. ಇದಕ್ಕೆ ಇತ್ತೀಚಿನ ಸ್ಪಷ್ಟ ಪ್ರಕರಣ ಫ್ರಾನ್ಸ್ ಮತ್ತು ರಷ್ಯಾದ್ದು. 2011ರಲ್ಲಿ ರಷ್ಯಾ ಎರಡು ಮಿಸ್ಟ್ರಲ್ ಹಡಗುಗಳಿಗೆ ಸುಮಾರು 120 ಕೋಟಿ ಯೂರೋದ ಒಪ್ಪಂದ ಮಾಡಿಕೊಂಡಿತು. ಇವು ಹೆಲಿಕಾಪ್ಟರ್ ಒಯ್ಯುವ, ಸೈನ್ಯ ಇಳಿಸುವ ದೊಡ್ಡ ಹಡಗುಗಳು. ವಿಮಾನವಾಹಕ ನೌಕೆಯ ಹತ್ತಿರದ ಸಂಬಂಧಿಗಳು. ಕೆಲಸವೂ ಹಂಚಿಕೆಯಾಗಿತ್ತು: ಹಿಂಭಾಗದ ತುಂಡುಗಳನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಟ್ಟಿ, ಫ್ರಾನ್ಸಿನ ಸೇಂಟ್ ನಜೇರ್‌ಗೆ ತಂದು ಜೋಡಿಸಿದರು. 2014ರಲ್ಲಿ ರಷ್ಯಾದ ಸುಮಾರು 400 ನಾವಿಕರು ತರಬೇತಿಗೆ ಅಲ್ಲಿಗೇ ಬಂದರು. ಅದೇ ವರ್ಷ ಕ್ರೈಮಿಯಾ ಪ್ರಕರಣ ಆಗಿತ್ತು. ಫ್ರಾನ್ಸ್ ಹಡಗು ಕೊಡುವುದನ್ನು ತಡೆಯಿತು; 2015ರ ಆಗಸ್ಟಿನಲ್ಲಿ ಒಪ್ಪಂದವೇ ರದ್ದಾಯಿತು. ರಷ್ಯಾಕ್ಕೆ ದುಡ್ಡು ವಾಪಸು, ಅವರ ಉಪಕರಣ ಬಿಚ್ಚಿ ವಾಪಸು. ಹಡಗುಗಳನ್ನು ಈಜಿಪ್ಟ್ ಕೊಂಡಿತು. ವ್ಲಾಡಿವೊಸ್ಟಾಕ್, ಸೆವಾಸ್ಟೊಪೋಲ್ ಅಂತ ಇಟ್ಟಿದ್ದ ಹೆಸರುಗಳು ಹೋಗಿ ನಾಸರ್, ಸಾದಾತ್ ಹೆಸರು ಬಂದವು.

ಇಲ್ಲಿ ಯಾರು ಸರಿ ಯಾರು ತಪ್ಪು ಅನ್ನುವುದು ಬೇರೆ ಚರ್ಚೆ. ನಾನು ಹೇಳೂದು ಇಷ್ಟೇ: ಸಂಬಂಧ ಕೆಟ್ಟ ದಿನ, ಹಡಗು ಯಾರ ಬಂದರಿನಲ್ಲಿ ನಿಂತಿತ್ತೋ ಅವರದೇ ಆಯಿತು.

ಮೂರನೆಯ ಪರೀಕ್ಷೆ: ಅತಿ ಕೆಟ್ಟ ದಿನ ಅದು ಯಾರ ಮಾತು ಕೇಳ್ತದೆ?

ನನ್ನ ಅವ್ವನ ತವರು ಸಂಕೇಶ್ವರದ ಕಡೆ. ಗಡಹಿಂಗ್ಲಜದಿಂದ ಅರ್ಧ ತಾಸಿನ ದಾರಿ. ಮನೆಯಲ್ಲಿ ಕನ್ನಡ, ನನ್ನ ಶಾಲೆ ಮರಾಠಿ, ನದಿ ಒಂದೇ: ಇಲ್ಲಿಂದ ಹರಿದ ಹಿರಣ್ಯಕೇಶಿ ಅಲ್ಲಿಗೇ ಹೋಗ್ತದೆ. 2022ರ ಡಿಸೆಂಬರಿನಲ್ಲಿ ಗಡಿ ತಂಟೆ ಎದ್ದು ಎರಡು ರಾಜ್ಯಗಳ ನಡುವಿನ ಬಸ್ ನಿಂತವು. 2025ರ ಫೆಬ್ರುವರಿಯಲ್ಲಿ ಮತ್ತೆ ನಿಂತವು. ಮೊದಲ ಸಲ ಅಜ್ಜಿಗೆ ಆರಾಮ ಇರಲಿಲ್ಲ. ಅವ್ವ ಬಸ್ ಸ್ಟ್ಯಾಂಡಿನಿಂದ ಚೀಲ ಹಿಡಿದುಕೊಂಡು ವಾಪಸು ಬಂದಳು. "ಬಸ್ಸು ದಿನಾ ಎರಡೂ ಕಡೆಯವರದು ಅನ್ಕೊಂಡಿದ್ದೆ. ಇವತ್ತ ಗೊತ್ತಾತು, ಅದು ಡಿಪೋದವರದು" ಅಂದಳು. ಮರುದಿನ ಯಾರದೋ ಮೋಟಾರ್ ಸೈಕಲ್ ಮೇಲೆ ಹೋದಳು.

ಅವ್ವನ ಆ ಮಾತು ಇಡೀ ನೌಕಾನೀತಿಯ ಪಾಠ ಅಂತ ನನಗೆ ಆಮೇಲೆ ಅನ್ನಿಸಿತು. ಎಲ್ಲ ಸರಿಯಿದ್ದಾಗ ಜಂಟಿಯಾಗಿರುವ ವಸ್ತು, ಜಗಳದ ದಿನ ಒಬ್ಬರದೇ ಆಗಿಬಿಡ್ತದೆ ಅಥವಾ ಯಾರದೂ ಆಗದೆ ನಿಂತುಬಿಡ್ತದೆ. ಬಸ್ ನಿಂತರೆ ಮೋಟಾರ್ ಸೈಕಲ್ ಇದೆ. ವಿಮಾನವಾಹಕ ನೌಕೆ ಇರುವುದೇ ಆ ಕೆಟ್ಟ ದಿನಕ್ಕಾಗಿ. ಅವತ್ತೇ ಅದು ನಿಂತರೆ ಉಳಿದ ದಿನ ಅದು ಯಾಕೆ ಬೇಕು?

ವೈರಿಗಳ ಮಾತು ಬಿಡ್ರಿ, ಗೆಳೆಯರಿಗೂ ಇದು ಸಾಧ್ಯವಾಗಿಲ್ಲ. 1960ರ ದಶಕದಲ್ಲಿ ನೇಟೋ ಒಕ್ಕೂಟದಲ್ಲಿ ಹಲವು ದೇಶದ ಸಿಬ್ಬಂದಿ ಕೂಡಿ ನಡೆಸುವ, ಅಣ್ವಸ್ತ್ರ ಹೊತ್ತ ಹಡಗುಗಳ ಯೋಜನೆ ಇತ್ತು. ಪರೀಕ್ಷೆಗಾಗಿ ಕ್ಲಾಡ್ ವಿ. ರಿಕೆಟ್ಸ್ ಎಂಬ ಅಮೆರಿಕದ ಹಡಗಿನಲ್ಲಿ ಬೇರೆ ಬೇರೆ ದೇಶದ ನಾವಿಕರನ್ನು ಒಂದೂವರೆ ವರ್ಷ ಕೂಡಿ ಇಟ್ಟರು. ಅಡಿಗೆ, ಭಾಷೆ, ಪಾಳಿ ಎಲ್ಲ ಹೊಂದಿಕೊಂಡಿತು. ಹೊಂದದೇ ಉಳಿದದ್ದು ಒಂದೇ: ಕ್ಷಿಪಣಿ ಬಿಡುವ ಅಪ್ಪಣೆ ಯಾರದು? ಯೋಜನೆ ಕೈಬಿಟ್ಟರು.

ಬ್ರಿಟನ್ ಮತ್ತು ಫ್ರಾನ್ಸ್ ಕೂಡ ಪ್ರಯತ್ನಿಸಿದವು. ಬ್ರಿಟನ್ನಿನ ಹೊಸ ನೌಕೆಯ ವಿನ್ಯಾಸದ ಮೇಲೇ ತನ್ನದೊಂದನ್ನು ಕಟ್ಟಬೇಕೆಂದು ಫ್ರಾನ್ಸ್ ದುಡ್ಡೂ ಕೊಟ್ಟಿತ್ತು. ಆದರೆ ಫ್ರಾನ್ಸಿನ ವಿಮಾನಗಳಿಗೆ ಕವಣೆಯಂತೆ ಎಸೆಯುವ ಕ್ಯಾಟಪುಲ್ಟ್ ಬೇಕು. ಬ್ರಿಟನ್ ಆರಿಸಿದ ವಿಮಾನಕ್ಕೆ ಅದು ಬೇಡ. 2010ರಲ್ಲಿ ಬ್ರಿಟನ್ ತಾನೂ ಕ್ಯಾಟಪುಲ್ಟ್ ಹಾಕುತ್ತೇನೆಂದಿತು. ಖರ್ಚು ನೋಡಿ 2012ರಲ್ಲಿ ಹಿಂದೆ ಸರಿಯಿತು. ಬ್ರಿಟನ್ ತನ್ನ ಎರಡನ್ನು ತಾನೇ ಕಟ್ಟಿಕೊಂಡಿತು. ಫ್ರಾನ್ಸ್ ಆ ಯೋಜನೆಯನ್ನೇ ಬಿಟ್ಟಿತು.

ಎದುರು ವಾದ: ಕಲ್ಲಿದ್ದಲು ಮತ್ತು ಉಕ್ಕು

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಎದುರು ವಾದ ಯುರೋಪಿನದೇ. ಎಪ್ಪತ್ತು ವರ್ಷದಲ್ಲಿ ಮೂರು ಸಲ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿ, ಇನ್ನೂ ನಾಲ್ಕು ದೇಶಗಳೊಡನೆ, 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದಡಿ ತಂದವು. ತೋಪು, ಹಡಗು ಎಲ್ಲ ಆಗುವುದು ಉಕ್ಕಿನಿಂದಲೇ. ಅದನ್ನೇ ಜಂಟಿ ಮಾಡಿದರೆ ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗಲು ಬರುವುದಿಲ್ಲ ಅನ್ನುವುದು ಅವರ ಲೆಕ್ಕ. ಅದು ಫಲಿಸಿತು, ಇವತ್ತಿನ ಯುರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ.

ಹಾಗಾದರೆ ನನ್ನ ಮಾತು ಸುಳ್ಳೇ? ಕಥೆಯ ಮುಂದಿನ ಭಾಗ ನೋಡ್ರಿ. ಅದೇ ಆರು ದೇಶಗಳು ಮರುವರ್ಷ, 1952ರಲ್ಲಿ, ಜಂಟಿ ಸೈನ್ಯದ ಒಪ್ಪಂದಕ್ಕೂ ಸಹಿ ಹಾಕಿದವು. 1954ರ ಆಗಸ್ಟಿನಲ್ಲಿ ಫ್ರಾನ್ಸಿನ ಸಂಸತ್ತೇ ಅದನ್ನು ತಳ್ಳಿಹಾಕಿತು. ಅದೇ ದೇಶಗಳು, ಅದೇ ಕಾಲ. ಉಕ್ಕು ಹಂಚಿಕೊಳ್ಳಲು ಬಂತು, ಸೈನ್ಯ ಹಂಚಿಕೊಳ್ಳಲು ಬರಲಿಲ್ಲ. ಉಕ್ಕನ್ನು ಟನ್ನಿನಲ್ಲಿ ಅಳೆಯಬಹುದು, ಮಾರಬಹುದು, ಕೊಳ್ಳಬಹುದು. ಸೈನ್ಯಕ್ಕೆ ಅಪ್ಪಣೆ ಕೊಡುವ ಬಾಯಿ ಒಂದೇ ಇರಬೇಕು. ಮತ್ತೆ, ಅವರು ಉಕ್ಕು ಕೂಡಿಸಿದ್ದು ಯುದ್ಧ ಮುಗಿದ ಮೇಲೆ. ವೈರ ತೀರಿದ್ದರಿಂದ ಜಂಟಿ ಕೆಲಸ ಸಾಧ್ಯವಾಯಿತು. ಜಂಟಿ ಆಯುಧದಿಂದ ವೈರ ತೀರಿದ್ದಲ್ಲ.

ಹಾಗಾದರೆ ಕೂಡಿ ಮಾಡಬೇಕಾದ್ದು ಏನು?

ಇಲ್ಲಿ ಮತ್ತೆ ನಮ್ಮ ಊರಿಗೆ ಬರ್ತೀನಿ. 2019ರ ಆಗಸ್ಟಿನ ಮಹಾಪೂರ ನಿಮಗೆಲ್ಲ ನೆನಪಿರಬೇಕು. ಪಂಚಗಂಗೆ ಉಕ್ಕಿ ಕೊಲ್ಹಾಪುರ ದ್ವೀಪದಂತಾಯಿತು. ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್. ಇಚಲಕರಂಜಿಯಲ್ಲಿ, ಶಿರೋಳ ತಾಲೂಕಿನಲ್ಲಿ ಮನೆ ಬಿಟ್ಟವರಿಗೆ ಲೆಕ್ಕವಿಲ್ಲ. ಇಲ್ಲಿಯವರು ಅಂದರು: ಆಲಮಟ್ಟಿಯಲ್ಲಿ ನೀರು ಹಿಡಿದಿದ್ದರಿಂದ ನಾವು ಮುಳುಗಿದೆವು. ಆ ಕಡೆಯವರು ಅಂದರು: ಕೊಯ್ನಾದಿಂದ ಬಿಟ್ಟ ನೀರಿನಿಂದ ನಾವು ಮುಳುಗಿದೆವು. ವಾದ ಇವತ್ತಿಗೂ ಮುಗಿದಿಲ್ಲ. ಆದರೆ 2021ರ ಜೂನಿನಲ್ಲಿ, ಮಳೆಗಾಲದ ಬಾಯಲ್ಲಿ, ಎರಡೂ ರಾಜ್ಯದ ಮಂತ್ರಿಗಳು, ಅಧಿಕಾರಿಗಳು ಬೆಂಗಳೂರಿನಲ್ಲಿ ಕೂತು ಯಾವ ಅಣೆಕಟ್ಟಿನಿಂದ ಯಾವಾಗ ಎಷ್ಟು ನೀರು ಬಿಡುವುದು ಅನ್ನುವುದನ್ನು ಪರಸ್ಪರ ತಿಳಿಸಿಕೊಳ್ಳುವ ಮಾತಾಡಿದರು. ಯಾರೂ ತಮ್ಮ ಅಣೆಕಟ್ಟು ಬಿಟ್ಟುಕೊಡಲಿಲ್ಲ, ಗಡಿಯ ಹಟವನ್ನೂ ಬಿಡಲಿಲ್ಲ. ಗೇಟು ನಮ್ಮದೇ, ಸುದ್ದಿ ನಿಮಗೂ. ಅಷ್ಟೇ.

ಸಮುದ್ರದಲ್ಲೂ ಇಂಥ ಕಾಗದಗಳಿವೆ, ಅವು ಕೆಲಸ ಮಾಡಿವೆ. ಶೀತಲ ಸಮರದಲ್ಲಿ ಅಮೆರಿಕ ಮತ್ತು ಸೋವಿಯತ್ ಹಡಗುಗಳು ಬೇಕಂತಲೇ ಒಂದಕ್ಕೊಂದು ಅಡ್ಡ ಬಂದು ಉಜ್ಜಾಡುತ್ತಿದ್ದವು. 1972ರ ಮೇ ತಿಂಗಳಲ್ಲಿ ಎರಡೂ ದೇಶಗಳು ಸಮುದ್ರದ ಅವಘಡ ತಡೆಯುವ ಒಪ್ಪಂದ ಮಾಡಿಕೊಂಡವು: ಇನ್ನೊಬ್ಬರ ಹಡಗಿನ ಮೇಲೆ ದಾಳಿಯ ನಾಟಕ ಆಡಬಾರದು, ದೂರ ಇರಬೇಕು, ಸಂಕೇತ ಕೊಡಬೇಕು, ವರ್ಷಕ್ಕೊಮ್ಮೆ ಅಧಿಕಾರಿಗಳು ಕೂತು ಆದದ್ದನ್ನು ಮಾತಾಡಬೇಕು. ರಾಜಕೀಯ ಎಷ್ಟು ಕೆಟ್ಟರೂ ಆ ಸಭೆಗಳು ನಡೆದವು.

ನಮಗೂ ಪಾಕಿಸ್ತಾನಕ್ಕೂ 1991ರ ಏಪ್ರಿಲಿನ ಒಪ್ಪಂದವಿದೆ. ಸೈನಿಕ ಕಸರತ್ತಿನ ಮುನ್ಸೂಚನೆ ಕೊಡಬೇಕು. ಹೊರ ಸಮುದ್ರದಲ್ಲಿ ಒಬ್ಬರ ಹಡಗಿಗೆ ಇನ್ನೊಬ್ಬರದು 3 ನಾಟಿಕಲ್ ಮೈಲಿಗಿಂತ ಹತ್ತಿರ ಬರಬಾರದು. 2011ರ ಜೂನಿನಲ್ಲಿ ಏಡನ್ ಕೊಲ್ಲಿಯ ಬಳಿ ನಮ್ಮ ಗೋದಾವರಿ, ಅವರ ಬಾಬರ್ ಉಜ್ಜಿಕೊಂಡವು. ಒಪ್ಪಂದ ಮುರಿಯಿತಲ್ಲ ಅಂತ ನೀವು ಕೇಳಬಹುದು. ಮುರಿಯಿತು. ಆದರೆ ಇಬ್ಬರೂ ಅದೇ ಒಪ್ಪಂದದ ಹೆಸರು ಹಿಡಿದು ದೂರು ಕೊಟ್ಟರು, ಗುಂಡು ಹಾರಲಿಲ್ಲ. ಜಗಳ ಕಾಗದದ ಮೇಲೆ ನಡೆಯಲು ಒಂದು ಕಾಗದ ಇತ್ತು. ಅದೇ ಸಮುದ್ರದಲ್ಲಿ 2012ರಿಂದ ಭಾರತ, ಚೀನಾ, ಜಪಾನ್ ನೌಕಾಪಡೆಗಳು ಕಡಲ್ಗಳ್ಳರ ವಿರುದ್ಧ ವ್ಯಾಪಾರಿ ಹಡಗುಗಳಿಗೆ ಕಾವಲು ಹೋಗುವ ವೇಳಾಪಟ್ಟಿಯನ್ನು ಹೊಂದಿಸಿಕೊಂಡವು. ಹಡಗು ಅವರವರದೇ; ಹಂಚಿಕೊಂಡದ್ದು ವೇಳೆಯನ್ನು.

ಇಷ್ಟರಿಂದ ನನ್ನ ತೀರ್ಮಾನ: ವೈರಿಗಳು ಹಂಚಿಕೊಳ್ಳಬೇಕಾದ್ದು ಆಯುಧವನ್ನಲ್ಲ, ಮುನ್ಸೂಚನೆಯನ್ನು. ಆಯುಧ ಹಂಚಿಕೊಳ್ಳಲು ಮೊದಲೇ ನಂಬಿಕೆ ಬೇಕು. ಮುನ್ಸೂಚನೆ ಹಂಚಿಕೊಳ್ಳಲು ನಂಬಿಕೆ ಬೇಕಿಲ್ಲ. ಇಬ್ಬರಿಗೂ ಮುಳುಗುವ ಭಯ ಇದ್ದರೆ ಸಾಕು.

ಪ್ರಶ್ನೋತ್ತರ

ಒಬ್ಬ ಪ್ರಾಧ್ಯಾಪಕರು ಕೇಳಿದರು: "ವೈರಿಗಳ ಕೈಕೆಲಸ ಒಂದೇ ಯುದ್ಧನೌಕೆಯಲ್ಲಿ ಸೇರಿದ ಉದಾಹರಣೆಯೇ ಇಲ್ಲವೇನು?"

ಇದೆ ಸರ್, ನಮ್ಮ ನೌಕಾಪಡೆಯಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಸೇರಿದ ಐಎನ್ಎಸ್ ತುಶಿಲ್ ಎಂಬ ಫ್ರಿಗೇಟ್ ಕಟ್ಟಿದ್ದು ರಷ್ಯಾದಲ್ಲಿ, ಅದರ ಗ್ಯಾಸ್ ಟರ್ಬೈನ್ ಉಕ್ರೇನಿನದು. ಆ ಎರಡೂ ದೇಶಗಳು ಯುದ್ಧದಲ್ಲಿವೆ. ಆದರೆ ಉಕ್ರೇನ್ ತನ್ನ ಎಂಜಿನನ್ನು ರಷ್ಯಾಕ್ಕೆ ಮಾರಲಿಲ್ಲ. ಭಾರತ ಅದನ್ನು ಕೊಂಡು ರಷ್ಯಾದ ಶಿಪ್‌ಯಾರ್ಡಿಗೆ ಕೊಟ್ಟಿತು. ನಡುವೆ ಮೂರನೆಯ ಒಡೆಯ ಇದ್ದುದರಿಂದ ಆಯಿತು. ನಮ್ಮ ವಿಕ್ರಮಾದಿತ್ಯವೂ ಮಿಕೊಲಾಯಿವ್‌ನಲ್ಲಿ ಹುಟ್ಟಿ, ರಷ್ಯಾದಲ್ಲಿ ಹೊಸ ರೂಪ ಪಡೆದು ನಮಗೆ ಬಂದದ್ದು. 2004ರ ಒಪ್ಪಂದದಲ್ಲಿ ಹಡಗಿನ ದುರಸ್ತಿಗೆ ಸುಮಾರು 97 ಕೋಟಿ ಡಾಲರ್ ಅಂತಿತ್ತು. ಕೊನೆಗೆ 230 ಕೋಟಿ ದಾಟಿತು, 2013ರ ನವೆಂಬರಿನಲ್ಲಿ ಕೈಸೇರಿತು. ಗೆಳೆಯರ ನಡುವೆಯೇ ಇಷ್ಟು ಎಳೆದಾಟ ಆದರೆ ವೈರಿಗಳ ನಡುವಿನ ಲೆಕ್ಕ ನೀವೇ ಊಹಿಸ್ರಿ.

ಇಚಲಕರಂಜಿಯ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: "ದೂಧಗಂಗಾ ಜಂಟಿ ಅಂದ್ರಿ. ಅದೇ ದೂಧಗಂಗಾ ನೀರು ನಮ್ಮೂರಿಗೆ ಕುಡಿಯಲು ಬರಬೇಕು ಅಂದ್ರ ನಮ್ಮ ಜಿಲ್ಲೆಯ ಕಾಗಲ ಕಡೆಯವರೇ ಬೇಡ ಅಂತಾರಲ್ಲ?"

ತಂಗಿ, ನಿನ್ನ ಪ್ರಶ್ನೆ ನನ್ನ ಪ್ರಬಂಧಕ್ಕಿಂತ ಚೆನ್ನಾಗಿದೆ. ಸುಳಕೂಡ ಯೋಜನೆಯ ತಕರಾರು ರಾಜ್ಯ ರಾಜ್ಯದ ನಡುವಿನದಲ್ಲ, ಒಂದೇ ಜಿಲ್ಲೆಯೊಳಗಿನದು. ಪಂಚಗಂಗೆ ಹೊಲಸಾಗಿದ್ದರಿಂದ ಇಚಲಕರಂಜಿಗೆ ಬೇರೆ ನೀರು ಬೇಕು. ನದಿ ದಂಡೆಯ ರೈತರಿಗೆ ತಮ್ಮ ಕಬ್ಬಿನ ಚಿಂತೆ. ಅಳೆಯಲು ಬರುವ ವಸ್ತುವನ್ನು ಹಂಚುವುದೇ ಇಷ್ಟು ಕಷ್ಟ. ಅಂದಮೇಲೆ, ಅಳೆಯಲು ಬಾರದ ಆಯುಧದ ಜಂಟಿ ಒಡೆತನವನ್ನು ಸುಲಭ ಅನ್ನುವವರ ಮಾತು ಎಷ್ಟು ನಂಬಬೇಕು?

ಮೊದಲ ಪ್ರಶ್ನೆ ಎತ್ತಿದ್ದ ಸಹಪಾಠಿಯೇ ಕೊನೆಗೆ ಕೇಳಿದರು: "ಹಂಗಾದ್ರ ಖರ್ಚು ಹಂಗೇ ಉಳೀತಲ್ಲ? ಇಬ್ಬರೂ ಇಪ್ಪತ್ತು ಇಪ್ಪತ್ತು ಸಾವಿರ ಕೋಟಿ ಹಾಕ್ತಾನೇ ಇರಬೇಕೇನು?"

ಖರ್ಚಿನ ಸಂಕಟ ನಿಜ, ಅದನ್ನು ನಾನು ಮರೆಸಲು ಹೋಗೂದಿಲ್ಲ. ಖರ್ಚು ಹಡಗಿನದಷ್ಟೇ ಅಲ್ಲ. ನಮ್ಮ ನೌಕೆಗಳ ನೆಲೆ ಕಾರವಾರದ ಐಎನ್ಎಸ್ ಕದಂಬ. ಆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ನೆಲೆ ಶುರುವಾದದ್ದು 2005ರಲ್ಲಿ. ಅದಕ್ಕಾಗಿ ಕಾರವಾರ, ಅಂಕೋಲಾ ಕಡಲ ದಂಡೆಯ ಸಾವಿರಾರು ಕುಟುಂಬಗಳು, ಮೀನುಗಾರರು, ರೈತರು, ಊರು ಬಿಟ್ಟರು. ಪರಿಹಾರದ ಅಲೆದಾಟ ದಶಕಗಟ್ಟಲೆ ನಡೆಯಿತು. ಎರಡು ದೇಶ ಕೂಡಿ ಹಡಗು ಕಟ್ಟಿದರೆ ಬಿಲ್ಲು ಅರ್ಧವಾಗಬಹುದು. ಹಡಗು ನಿಲ್ಲಲು ಬಂದರು ಬೇಕೇ ಬೇಕು, ಬಂದರಿಗೆ ಯಾರದೋ ಅಂಗಳ ಬೇಕೇ ಬೇಕು. ಅದು ಅರ್ಧ ಆಗೂದಿಲ್ಲ. ಖರ್ಚು ನಿಜವಾಗಿ ಇಳಿಯಬೇಕಾದರೆ ಭಯ ಇಳಿಯಬೇಕು. ಭಯ ಇಳಿಸುವ ದಾರಿ ಮುನ್ಸೂಚನೆಯಿಂದ ಶುರುವಾಗ್ತದೆ. ದಾರಿ ನಿಧಾನದ್ದು. ಬೇರೆ ದಾರಿ ನನಗೆ ಕಾಣಲಿಲ್ಲ.

ಕಳೆದ ಗೋಷ್ಠಿಯಲ್ಲಿ ನಿಮ್ಮ ಪ್ರಶ್ನೆಗೆ ನಕ್ಕಿದ್ದಕ್ಕೆ ಕ್ಷಮೆ ಕೇಳ್ತೀನಿ. ಇಲ್ಲಿ ಮಳೆ ಇನ್ನೂ ನಿಂತಿಲ್ಲ, ಹಿರಣ್ಯಕೇಶಿ ಏರಾಕತ್ತದ. ಸಂಕೇಶ್ವರದ ಮಾಮಾಗೆ ಫೋನ್ ಮಾಡಿ ಹೇಳಬೇಕು.